ಚದುರಂಗದ ಕಾಳಿನ ಲೆಕ್ಕ: ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಕೈಯಲ್ಲೇ ಒಡೆಯಬಹುದೇ?

ಪ್ರಶ್ನೆ: ಚದುರಂಗದ 64 ಮನೆಗಳಲ್ಲಿ 1, 2, 4, 8 ಅಂತ ದುಪ್ಪಟ್ಟು ಮಾಡುತ್ತ ಕಾಳು ಇಟ್ಟರೆ ಒಟ್ಟು 1,84,46,74,40,73,70,95,51,615 ಕಾಳು ಆಗುತ್ತದಂತೆ. ಇದರ ಅವಿಭಾಜ್ಯ ಅಪವರ್ತನಗಳು ಯಾವುವು ಅಂತ ಒಂಬತ್ತನೇ ಕ್ಲಾಸಿನ ಮಗಳು ಕೇಳುತ್ತಿದ್ದಾಳೆ. 3 ಮತ್ತು 5ರಿಂದ ಭಾಗವಾಗುತ್ತದೆ ಅಂತ ಗೊತ್ತಾಯಿತು. ಮುಂದೆ ಹೇಗೆ? ಎಕ್ಸೆಲ್‌ನಲ್ಲಿ ಹಾಕಿದರೆ ಕೊನೆಯ ಅಂಕಿಗಳೆಲ್ಲ ಸೊನ್ನೆಯಾಗಿಬಿಡುತ್ತವೆ.

ಉತ್ತರ: ಮೊದಲು ಎಕ್ಸೆಲ್ ಮುಚ್ಚಿಡಿ. ಅದು ಹದಿನೈದು ಅಂಕಿಗಳನ್ನಷ್ಟೇ ನೆನಪಿಡುತ್ತದೆ, ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ. ಈ ಕೆಲಸಕ್ಕೆ ಕಾಗದ, ಪೆನ್ನು ಸಾಕು.

ಸಂಖ್ಯೆಯನ್ನು ಅಂಕಿಗಳಾಗಿ ನೋಡಬೇಡಿ. ಇದು 2⁶⁴ − 1: 1 + 2 ಅಂದರೆ 2² − 1, 1 + 2 + 4 ಅಂದರೆ 2³ − 1, ಹೀಗೇ 64 ಮನೆಗಳವರೆಗೆ. ಮಗಳಿಗೆ a² − b² = (a − b)(a + b) ಗೊತ್ತಿರುತ್ತದೆ, ಅಲ್ವಾ? ಅದನ್ನೇ ಹಾಕಿ. 2⁶⁴ − 1 ಅಂದರೆ (2³² − 1)(2³² + 1). ಮೊದಲ ಆವರಣವನ್ನು ಮತ್ತೆ ಹಾಗೇ ಒಡೆಯಿರಿ. ಕೊನೆಗೆ ಸಿಗುವುದು ಇದು:

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಆರನೆಯದರ ಕಥೆಯೇ ಬೇರೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಈ ಸಾಲಿನಲ್ಲಿ (2, 4, 16, 256 ಹೀಗೆ ವರ್ಗ ಮಾಡುತ್ತ ಹೋಗಿ ಪ್ರತಿಯೊಂದಕ್ಕೂ 1 ಕೂಡಿಸಿದರೆ) ಬರುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಇರಬೇಕು ಎಂದು ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಒಡೆದ:

4294967297 = 641 × 6700417

641 ಸುಮ್ನೆ ಸಿಕ್ಕಿದ್ದಲ್ಲ. 2³² + 1ನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಮಗ್ಗಿಯ ಒಂದು ಸಂಖ್ಯೆಗೆ 1 ಕೂಡಿಸಿದ್ದೇ ಆಗಿರಬೇಕು. ಇದನ್ನು ಸಾಧಿಸಿದವನೂ ಆಯ್ಲರನೇ. ಹಾಗಾಗಿ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641. ಐದನೇ ಭಾಗಾಕಾರಕ್ಕೇ ಕೆಲಸ ಮುಗಿಯುತ್ತದೆ! ಹತ್ತಂಕಿಯ ಸಂಖ್ಯೆಗೆ ಇಷ್ಟು ಕಡಿಮೆ ಶ್ರಮ ಸಾಕಾಗುವುದು ಅಪರೂಪ.

ಅಂದರೆ ಅವಿಭಾಜ್ಯ ಅಪವರ್ತನಗಳು ಒಟ್ಟು ಏಳು: 3, 5, 17, 257, 641, 65537, 6700417. ಪ್ರತಿಯೊಂದೂ ಒಂದೇ ಸಲ ಬರುವುದರಿಂದ ಭಾಜಕಗಳ ಸಂಖ್ಯೆ 2⁷, ಅಂದರೆ 128.

ಇವುಗಳಲ್ಲಿ 3, 5, 17, 257, 65537 ಎಂಬ ಐದಕ್ಕೆ ರೇಖಾಗಣಿತದಲ್ಲೂ ದೊಡ್ಡ ಹೆಸರಿದೆ. 1796ರಲ್ಲಿ ಇನ್ನೂ ಹತ್ತೊಂಬತ್ತು ತುಂಬಿರದ ಗೌಸ್, 17 ಬಾಹುಗಳ ನಿಯಮಿತ ಬಹುಭುಜವನ್ನು (ಎಲ್ಲ ಬಾಹುಗಳೂ ಕೋನಗಳೂ ಸಮವಿರುವ ಆಕೃತಿಯನ್ನು) ಬರೀ ಸ್ಕೇಲು, ಕೈವಾರದಿಂದ ರಚಿಸಬಹುದು ಎಂದು ಕಂಡುಕೊಂಡ. 7 ಬಾಹುಗಳದ್ದನ್ನು ಹಾಗೆ ರಚಿಸಲು ಆಗುವುದೇ ಇಲ್ಲ. ಈ ಐದರ ಗುಣಲಬ್ಧ 4294967295. ಹೀಗೆ ರಚಿಸಬಹುದು ಎಂದು ನಮಗೆ ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬರೆಯಲು ಕೂತವರು ಯಾರೂ ಇಲ್ಲ ಬಿಡಿ.

6700417 ನಿಜಕ್ಕೂ ಅವಿಭಾಜ್ಯವೇ ಎಂದು ಮಗಳು ಕೇಳಿದರೆ? ಕೇಳಲೇಬೇಕು. ಅದರ ವರ್ಗಮೂಲ 2588ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ ಅದೇ 64ರ ನಿಯಮದಂತೆ ಹುಡುಕಿದರೆ ಸಾಕು. ದಾರಿಯಲ್ಲಿ ರಾಮಾನುಜನ್ ಅವರ 1729 ಕೂಡ ಸಿಗುತ್ತದೆ, ಆದರೆ ಅದು 7ರಿಂದ ಭಾಗವಾಗುವುದರಿಂದ ಬಿಟ್ಟುಬಿಡಿ. 577ರವರೆಗಿನವು ಆಗಲೇ ಮುಗಿದಿವೆ. ಉಳಿಯುವುದು 641, 769, 1153, 1217, 1409, 1601, 2113. ಏಳೇ ಭಾಗಾಕಾರ. ಯಾವುದರಲ್ಲೂ ಶೇಷ ಸೊನ್ನೆ ಬರುವುದಿಲ್ಲ.