ಬೇಲಿ ಸರಿ, ಜಾಗ ತಪ್ಪು

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಅಮೆರಿಕದ ಮಿನ್ನೆಸೋಟ ರಾಜ್ಯದ ಹಳ್ಳಿಗಾಡಿನಲ್ಲಿದ್ದಾರೆ. ಅವರ ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಜಲ್ಲಿ ದಾರಿಯಲ್ಲಿ, ಹಿಮ ಬೀಳುವುದು ನಿಂತ ಮರುದಿನವೂ ಹೊಸ ದಿಬ್ಬಗಳು ಏಳುತ್ತವೆ. ದಾರಿಯ ಅಂಚಿಗೇ ಬೇಲಿ ಹಾಕಿಸಬೇಕೆಂಬುದು ಅಳಿಯಂದಿರ ಯೋಚನೆ. ಅದು ಸರಿಯೇ? ಉಪ್ಪು ಚೆಲ್ಲಿದರೆ ಸಾಲದೇ?
— ಒಬ್ಬ ಓದುಗರು, ಧಾರವಾಡ

ಉತ್ತರ: ಬೇಲಿ ಹಾಕುವುದು ಸರಿ, ಅವರು ಆರಿಸಿರುವ ಜಾಗ ಸರಿಯಲ್ಲ. ಈ ದಿಬ್ಬಗಳು ಮೇಲಿನಿಂದ ಬಿದ್ದ ಹಿಮದಿಂದಲೇ ಆದವಲ್ಲ. ಸುತ್ತಲಿನ ಬಯಲು ಹೊಲಗಳಲ್ಲಿ ಬಿದ್ದ ಹಿಮವನ್ನು ಗಾಳಿ ನೆಲಮಟ್ಟದಲ್ಲಿಯೇ ಉರುಳಿಸುತ್ತ, ಚಿಮ್ಮಿಸುತ್ತ ತಂದು, ತನ್ನ ವೇಗ ಕುಂದಿದ ಕಡೆ ಇಳಿಸುತ್ತದೆ; ಸೆಳೆತ ತಗ್ಗಿದ ತಿರುವಿನಲ್ಲಿ ಹೊಳೆ ಮರಳು ಬಿಡುವಂತೆ. ಅಂಚಿನಲ್ಲೇ ಬೇಲಿ ನಿಂತರೆ ಗಾಳಿ ದಾರಿಯ ಮೇಲೆಯೇ ನಿಧಾನವಾಗಿ, ಹೊತ್ತು ತಂದದ್ದನ್ನೆಲ್ಲ ಅಲ್ಲಿಯೇ ಸುರಿಯುತ್ತದೆ.

ವಯೋಮಿಂಗ್ ರಾಜ್ಯದಲ್ಲಿ 80ನೇ ಅಂತರರಾಜ್ಯ ಹೆದ್ದಾರಿಯ ಒಂದು ಭಾಗ 1970ರಲ್ಲಿ ತೆರೆದು, ಮೊದಲ ಚಳಿಗಾಲದಲ್ಲೇ ಹಿಮಕ್ಕೆ ಸಿಕ್ಕಿ ಕಷ್ಟಕ್ಕೊಳಗಾದ ಮೇಲೆ, 1971ರಿಂದ ಅಲ್ಲಿ ದೊಡ್ಡ ಬೇಲಿಗಳು ಎದ್ದವು. ರೊನಾಲ್ಡ್ ಟ್ಯಾಬ್ಲರ್ ಅಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಬೇಲಿ ಗಾಳಿ ಬರುವ ದಿಕ್ಕಿನಲ್ಲಿ, ತನ್ನ ಎತ್ತರದ ಸುಮಾರು 35 ಪಟ್ಟು ದೂರದಲ್ಲಿರಬೇಕು. ಅಂದರೆ ನಾಲ್ಕಡಿ ಬೇಲಿಗೆ 140 ಅಡಿ. ಮಿನ್ನೆಸೋಟದಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಬೇಲಿಯ ಸ್ಥಾನ ಆ ಕಡೆಗೆ. ಅದು ಗೋಡೆಯಂತೆ ಮುಚ್ಚಿರದೆ ಅರ್ಧದಷ್ಟು ಸಂದುಗಳನ್ನು ಹೊಂದಿರಬೇಕು. ಕೆಳಗೂ ನಾಲ್ಕೈದು ಅಂಗುಲ ತೆರಪಿರಬೇಕು, ಇಲ್ಲವಾದರೆ ಬೇಲಿಯೇ ಹಿಮದಲ್ಲಿ ಹೂತುಹೋಗುತ್ತದೆ.

140 ಅಡಿ ಎಂದರೆ ಬಹುಶಃ ನೆರೆಯವರ ಹೊಲ. ಅವರು ಮೆಕ್ಕೆಜೋಳ (ನಿಮ್ಮ ಕಡೆಯ ಗೋವಿನಜೋಳ) ಬೆಳೆಯುವವರಾದರೆ, ಕೊಯ್ಲಿನಲ್ಲಿ ಹತ್ತಾರು ಸಾಲುಗಳನ್ನು ಹಾಗೆಯೇ ನಿಲ್ಲಿಸಲು ಕೇಳಿಕೊಳ್ಳಬಹುದು. ಹೆದ್ದಾರಿಗಳ ಪಕ್ಕದಲ್ಲಿ ಹೀಗೆ ಸಾಲು ಬಿಡುವ ರೈತರಿಗೆ ಮಿನ್ನೆಸೋಟದ ಸಾರಿಗೆ ಇಲಾಖೆ ಹಣವನ್ನೇ ಕೊಡುತ್ತದೆ. ಬೇಲಿಗೆ ಕಟ್ಟುವ ಪ್ಲಾಸ್ಟಿಕ್ ಬಲೆಗಿಂತ ನನಗೆ ಈ ಉಪಾಯವೇ ಮೆಚ್ಚು.

ಚರಂಡಿಯ ಎತ್ತರದ ಹುಲ್ಲನ್ನು ಹಿಮಕ್ಕೆ ಮುನ್ನವೇ ಕೊಯ್ಯಿಸಿರಿ. ತೆಗೆದ ಹಿಮವನ್ನು ಅಂಚಿನಲ್ಲಿ ಬದುವಿನಂತೆ ಬಿಡದೆ, ದೂರಕ್ಕೆ, ಸಾಧ್ಯವಾದರೆ ಗಾಳಿ ಹೋಗುವ ಕಡೆಗೆ ತಳ್ಳಬೇಕು. ಆ ಬದುವೇ ಮುಂದಿನ ಗಾಳಿಗೆ ಅಡ್ಡ ನಿಂತು ದಾರಿಯನ್ನು ಮತ್ತೆ ಮುಚ್ಚಿಸುತ್ತದೆ.

ಉಪ್ಪು ಬೇಡ. ಅದು ಜಲ್ಲಿಯ ನಡುವಿನ ಹೆಪ್ಪನ್ನು ಕರಗಿಸಿ ದಾರಿಯನ್ನು ಕೆಸರು ಮಾಡುತ್ತದೆ. ಜಾರುವ ಕಡೆ ಮರಳು ಚೆಲ್ಲಿದರೆ ಸಾಕು. ಇನ್ನೊಂದು ಮಾತು: ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವ ತನಕ, ಹಿಮ ತಳ್ಳುವ ಯಂತ್ರದ ಅಲಗನ್ನು ಒಂದಂಗುಲದಷ್ಟು ಮೇಲೆತ್ತಿಯೇ ಓಡಿಸಲು ಅಳಿಯಂದಿರಿಗೆ ಹೇಳಿರಿ. ಇಲ್ಲವಾದರೆ ಹಿಮದೊಂದಿಗೆ ಜಲ್ಲಿಯೂ ಚರಂಡಿ ಸೇರಿ, ವಸಂತದಲ್ಲಿ ಅದನ್ನು ಹುಲ್ಲಿನಿಂದ ಹೆಕ್ಕಿ ದಾರಿಗೆ ಎಳೆಯುವ ಕೆಲಸ ಅವರ ಪಾಲಿಗೇ ಬರುತ್ತದೆ.