ಇಸಿಜಿ ನಾರ್ಮಲ್ ಇದೆ, ಆದರೂ ಎದೆ ಹೊಡ್ಕೊಳ್ಳುತ್ತೆ

ಈ ಸಲ ಆರಿಸಿದ ಮೂರು ಪತ್ರಗಳೂ ಆಸ್ಪತ್ರೆ, ಆರೋಗ್ಯದ ಕೆಲಸದವರದೇ. ನಾನೂ ವರ್ಷಾನುಗಟ್ಟಲೆ ವಾರ್ಡಿನಲ್ಲಿ ದುಡಿದವಳು, ಹಾಗಾಗಿ ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ.

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ವಯಸ್ಸು 31. ಆರು ತಿಂಗಳ ಹಿಂದೆ ನನ್ನ ನೈಟ್ ಡ್ಯೂಟಿಯಲ್ಲಿ ಒಬ್ಬ ಬಾಣಂತಿ ರಕ್ತಸ್ರಾವದಿಂದ ತೀರಿಕೊಂಡರು. ನಿನ್ನ ತಪ್ಪಿಲ್ಲ ಅಂತ ಡಾಕ್ಟರೇ ಹೇಳಿದರು. ಆದರೆ ಅವತ್ತಿನಿಂದ ನೈಟ್ ಇದ್ದರೆ ಸಂಜೆ ನಾಲ್ಕಕ್ಕೇ ಎದೆ ಹೊಡ್ಕೊಳ್ಳೋಕೆ ಶುರು. ಇಂಜೆಕ್ಷನ್ ಕೊಟ್ಟ ಮೇಲೆ ಖಾಲಿ ಆಂಪೂಲನ್ನು ಡಬ್ಬಿಯಿಂದ ಮತ್ತೆ ಎತ್ತಿ ಲೇಬಲ್ ಓದುತ್ತೇನೆ, ಮೂರು ಸಲ, ನಾಲ್ಕು ಸಲ. ಇಸಿಜಿ ಮಾಡಿಸಿದೆ, ನಾರ್ಮಲ್. ನಿದ್ದೆಗೆ ಅಂತ ಗೆಳತಿ ಹತ್ತಿರ ಅಲ್ಪ್ರಜೋಲಮ್ ಇಸ್ಕೊಂಡು ಅರ್ಧ ಮಾತ್ರೆ ತಗೋತಿದ್ದೆ, ಈಗ ದಿನಾ ಒಂದು ಬೇಕು. ಅತ್ತೆ ಗಾಣಗಾಪುರಕ್ಕೆ ಹೋಗೋಣ ಅಂತಾರೆ. ಮನೋರೋಗ ವಿಭಾಗಕ್ಕೆ ಹೋದರೆ ಮರುದಿನವೇ ವಾರ್ಡೆಲ್ಲಾ ಸುದ್ದಿ. ಅಂಥ ಪೇಷಂಟ್ ಬಂದಾಗ 'ಸುಮ್ನೆ ನಾಟಕ' ಅಂತ ನಾನೇ ಅಂದಿದ್ದೇನೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಆ ಡಬ್ಬಿಗೆ ಕೈ ಹಾಕೋದು ಬಿಡು. ಅದರೊಳಗೆ ಸೂಜಿ ಇರುತ್ತೆ, ನಿನಗೇ ಗೊತ್ತು. ಕೊಡುವ ಮುಂಚೆ ಲೇಬಲನ್ನು ಒಂದು ಸಲ ಬಾಯಿಬಿಟ್ಟು ಓದು, ಕೊಟ್ಟ ಕೂಡಲೇ ಚಾರ್ಟಿನಲ್ಲಿ ಬರೆದು ಸಹಿ ಹಾಕು. ಮತ್ತೆ ನೋಡಬೇಕು ಅನಿಸಿದಾಗ ಸಹಿ ನೋಡಿ ಮುಂದಿನ ಬೆಡ್ಡಿಗೆ ಹೋಗು. ಮತ್ತೆ ಮತ್ತೆ ನೋಡಿದಷ್ಟೂ ಅನುಮಾನ ಜಾಸ್ತಿಯಾಗುತ್ತೆ, ಕಡಿಮೆ ಆಗಲ್ಲ, ಅದು ಆತಂಕದ ಸ್ವಭಾವ.

ಇಸಿಜಿ ನಾರ್ಮಲ್ ಅಂದರೆ ಅದನ್ನು ತೆಗೆದ ಹೊತ್ತಿನಲ್ಲಿ ಹೃದಯದ ತೊಂದರೆ ಕಾಣಲಿಲ್ಲ ಅಂತ, ನಿನಗೆ ಏನೂ ಆಗಿಲ್ಲ ಅಂತಲ್ಲ. ಅಪಾಯ ಕಂಡಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತೆ, ಎದೆ ಓಡುತ್ತೆ, ಕೈ ಬೆವರುತ್ತೆ. ಆ ರಾತ್ರಿ ನಿನ್ನ ಕಣ್ಣೆದುರೇ ಒಂದು ಜೀವ ಹೋಯಿತಲ್ಲ, ಅವತ್ತಿನಿಂದ ನಿನ್ನ ಮೈಗೆ ನೈಟ್ ಡ್ಯೂಟಿಯೇ ಅಪಾಯವಾಗಿ ಕಾಣ್ತಿದೆ. ಭಯ ಉಕ್ಕಿ ಬಂದಾಗ ಉಸಿರು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿಗೆ ಹೋಗಿ ಇಳಿಯೋಕೆ ಶುರುವಾಗುತ್ತೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು, ಅವುಗಳಿಂದಲೂ ಎದೆಬಡಿತ ಬರಬಹುದು.

ನನಗೆ ಹೆದರಿಕೆ ಆಗಿದ್ದು ನಿನ್ನ ಮಾತ್ರೆಯ ಸಾಲು ಓದಿ. ಅರ್ಧ ಹೋಗಿ ಒಂದು ಆಗಿದೆ ಅಂದರೆ ಮೈ ಅದಕ್ಕೆ ಒಗ್ಗುತ್ತಿದೆ. ನಾಳೆಯೇ ನಿಲ್ಲಿಸ್ತೀನಿ ಅಂತ ಹಟ ಮಾಡಬೇಡ, ದಿನಾ ತಗೊಂಡಿದ್ದನ್ನು ದಿಢೀರ್ ನಿಲ್ಲಿಸಿದರೆ ನಡುಕ ಬರುತ್ತೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಎಷ್ಟು ದಿನದಿಂದ, ಎಷ್ಟು ತಗೋತಿದ್ದೀ ಅಂತ ಡಾಕ್ಟರಿಗೆ ಹೇಳು, ಅವರೇ ಹಂತ ಹಂತವಾಗಿ ಇಳಿಸ್ತಾರೆ. ಆತಂಕಕ್ಕೆ ಅಂತ ದಿನಾ ಕೊಡುವ ಮಾತ್ರೆಗಳು ಬೇರೆ, ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಆದರೆ ಇದರ ಹಾಗೆ ಚಟ ಹಿಡಿಸಲ್ಲ. ಮಾತಿನ ಚಿಕಿತ್ಸೆಯೂ ಇದೆ.

ಸುದ್ದಿಯಾಗುತ್ತೆ ಅಂದೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿರೋದು ನಿನ್ನ ಹಕ್ಕು. ಆದರೂ ಪರಿಚಯದವರ ಕಣ್ಣು ತಪ್ಪಿಸಬೇಕು ಅನಿಸೋದು ಸಹಜ, ಅದಕ್ಕೆ ಮೊದಲು 14416ಕ್ಕೆ ಫೋನ್ ಮಾಡು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿ ತೋರಿಸಬೇಕು ಅಂತಲೂ ಅವರನ್ನೇ ಕೇಳು. ಬೇರೆ ತಾಲ್ಲೂಕಿಗೆ ಹೋಗಿ ತೋರಿಸಿದರೂ ಸರಿ. ಗೊತ್ತಾ, ಜಿಲ್ಲೆ ಮಟ್ಟದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಅತ್ತೆಯ ಜೊತೆ ಗಾಣಗಾಪುರಕ್ಕೂ ಹೋಗಿ ಬಾ. ಅವರು ನಿನ್ನ ಮೇಲಿನ ಅಕ್ಕರೆಯಿಂದ ಹೇಳ್ತಿದ್ದಾರೆ. ದವಾ ದುವಾ ಎರಡೂ ಇರಲಿ, ಒಂದಕ್ಕಾಗಿ ಇನ್ನೊಂದು ಬಿಡಬೇಡ. 'ನಾಟಕ' ಅಂತ ನಾನೂ ಎಷ್ಟೋ ಸಲ ಅಂದಿದ್ದೇನೆ ತಂಗಿ, ಈಗ ನೆನೆಸಿಕೊಂಡರೆ ಸಂಕಟ ಆಗುತ್ತೆ. ಬೇರೆಯವರಿಗೆ ಅಂದ ಆ ಮಾತೇ ಇವತ್ತು ನಿನ್ನನ್ನು ಡಾಕ್ಟರ ಬಾಗಿಲಲ್ಲಿ ತಡೆದು ನಿಲ್ಲಿಸಿದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ನಾನು. ಮೊಬೈಲ್ ಬಡಿದರೆ ಸಾಕು, ಹೊಟ್ಟೆಯಲ್ಲಿ ತಳಮಳ. ಊಟ ಸೇರಲ್ಲ, ಮೊದಲಿನಂತೆ ಯಾವುದರಲ್ಲೂ ಖುಷಿ ಇಲ್ಲ. ಮನೆಯವರು 'ಮನಸ್ಸಿನ ರೋಗ ಅಂದರೆ ಹುಚ್ಚು, ಹೊರಗೆ ಹೇಳಬೇಡ' ಅಂತಾರೆ.

ಉತ್ತರ: ಮನೆ ಮನೆಗೆ ಹೋಗಿ ಬಿಪಿ, ಶುಗರ್ ಸರ್ವೆಯ ಸಿಬ್ಯಾಕ್ ಫಾರಂ ತುಂಬ್ತೀರಲ್ಲ, ಅದರ ಕೊನೆಯಲ್ಲಿ ಎರಡು ಪ್ರಶ್ನೆ ಇವೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತಾ, ಮನಸ್ಸು ಕುಗ್ಗಿತಾ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 3 ದಾಟಿದರೆ ತೋರಿಸೋಕೆ ಕಳಿಸಬೇಕು. ಇವತ್ತು ಒಂದು ಫಾರಂ ನಿಮ್ಮ ಹೆಸರಲ್ಲೇ ತುಂಬಿ. ಅಂಕ ಕಡಿಮೆ ಬಂದರೂ ಆ ತಳಮಳದ ಬಗ್ಗೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಥವಾ ಪಿಎಚ್‌ಸಿ ಡಾಕ್ಟರ ಹತ್ತಿರ ಮಾತಾಡಿ. ಹುಚ್ಚು ಅಲ್ಲ ಇದು ಅಂತ ಮನೆಯವರಿಗೆ ಅವರ ಬಾಯಿಂದಲೇ ಹೇಳಿಸಿ.

ಇನ್ನೊಂದು ಮಾತು. ಎಲ್ಲವೂ ನಿಮ್ಮ ಮನಸ್ಸಿನ ತೊಂದರೆ ಅಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ಆಯಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಆ ಬಾಗಿಲು ತಟ್ಟಿದವರು ನೀವು. 2025ರ ಜನವರಿಯಲ್ಲಿ ನಿಮ್ಮವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತಿದ್ದು ಗೌರವಧನಕ್ಕಾಗಿ. ಹೊತ್ತಿಲ್ಲದ ಹೊತ್ತಿನ ಫೋನು, ತಡವಾಗಿ ಬರುವ ದುಡ್ಡು, ಇವು ಮಾತ್ರೆಯಿಂದ ಹೋಗಲ್ಲ. ಅದನ್ನು ತಿಂಗಳ ಸಭೆಯಲ್ಲಿ ನಾಲ್ಕು ಜನ ಸೇರಿ ಎತ್ತಿ, ಒಬ್ಬರೇ ಎದ್ದು ನಿಲ್ಲಬೇಡಿ.

ಪ್ರಶ್ನೆ: ಬೀದರ್‌ನಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ. ಹೊಸದಾಗಿ ಬಂದ ಹುಡುಗಿ ಲಿನನ್ ರೂಮಿನಲ್ಲಿ ಕೂತು ಅಳ್ತಾಳೆ. 'ಇದ್ದು ಏನು ಮಾಡೋದು ಸಿಸ್ಟರ್' ಅಂದಳು. ಡ್ಯೂಟಿ ತಪ್ಪಿಸೋಕೆ ಹೀಗೆ ಮಾಡ್ತಾಳೆ ಅಂತ ಉಳಿದವರು. ಕೆದಕಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತಾ?

ಉತ್ತರ: ಇಲ್ಲ, ಆಗಲ್ಲ. ನೇರವಾಗಿ ಕೇಳಿ, 'ಸಾಯಬೇಕು ಅನಿಸ್ತಿದೆಯಾ' ಅಂತಲೇ. ಕೇಳಿದರೆ ಆ ಯೋಚನೆ ಹುಟ್ಟಲ್ಲ, ಎಷ್ಟೋ ಜನಕ್ಕೆ ಕೇಳುವವರು ಸಿಕ್ಕಿದ್ದೇ ಹಗುರ. ಹೌದು ಅಂದರೆ ಅವತ್ತೇ ಮನೋವೈದ್ಯರ ಹತ್ತಿರ ನೀವೇ ಕರ್ಕೊಂಡು ಹೋಗಿ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ, ಔಷಧಿ ಕಪಾಟಿನ ಕೀಲಿಯನ್ನು ಅವಳ ಕೈಗೆ ಕೊಡಬೇಡಿ. ಇಲ್ಲ ಅಂದರೂ ಈ ತಿಂಗಳ ನೈಟ್ ಪಾಳಿಯಿಂದ ಅವಳ ಹೆಸರು ತೆಗೆಯಿರಿ. ಉಳಿದವರು ಗೊಣಗಿದರೆ ಪಾಳಿ ಹಾಕಿದ್ದು ನಾನು ಅಂತ ಹೇಳಿ. ಈ ಪತ್ರಿಕೆ ಕೈಗೆ ಬಂದ ದಿನವೇ ಅವಳನ್ನು ಕೂರಿಸಿಕೊಂಡು ಮಾತಾಡಿ ಮೇಡಂ, ನಾಳೆಗೆ ಇಡಬೇಡಿ.