ಪೇಪರ್ ಹಂಚುವ ದಿನ ಯಾರ ಮಾರ್ಕ್ಸ್ ಯಾರಿಗೆ ಕಾಣಬೇಕು?

ಪ್ರಶ್ನೆ: ನನ್ನ ಒಂಬತ್ತನೇ ತರಗತಿಯಲ್ಲಿ 60 ಮಕ್ಕಳು. ಟೆಸ್ಟ್ ಪೇಪರ್ ಕಟ್ಟನ್ನು ಲೀಡರ್ ಕೈಗೆ ಕೊಟ್ಟರೆ, ಹಂಚಿ ಮುಗಿಯುವಷ್ಟರಲ್ಲಿ ಯಾರಿಗೆ ಎಷ್ಟು ಬಂತೆಂದು ಎಲ್ಲರಿಗೂ ಗೊತ್ತಾಗಿರುತ್ತದೆ. 40 ನಿಮಿಷದ ಪೀರಿಯಡ್‌ನಲ್ಲಿ ಬೇರೆ ದಾರಿ ಇದೆಯೆ?
– ಶಿಕ್ಷಕಿ, ಮುಳಬಾಗಿಲು

ಉತ್ತರ: ಇದೆ ಮೇಡಂ. ಅದು ತಿದ್ದುವಾಗಲೇ ಶುರುವಾಗಬೇಕು. ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಒಟ್ಟು ಅಂಕ ಬರೆದು ಸುತ್ತು ಹಾಕುವ ರೂಢಿ ಬಿಡಿ. ಆ ಸುತ್ತು ಮೂರು ಬೆಂಚಿನಾಚೆಗೂ ಕಾಣುತ್ತದೆ. ಪ್ರಶ್ನೆವಾರು ಅಂಕ ಮಾರ್ಜಿನ್‌ನಲ್ಲೇ ಇರಲಿ, ಒಟ್ಟು ಅಂಕವೂ ಷರಾವೂ ಎರಡನೇ ಪುಟದ ಮೇಲ್ತುದಿಗೆ ಹೋಗಲಿ. ಬಿಡಿ ಹಾಳೆಗಳಿದ್ದರೆ ಪಿನ್ ಹೊಡೆದು, ಉದ್ದಕ್ಕೆ ಮಡಚಿ, ಹೆಸರು ಮಾತ್ರ ಹೊರಗೆ ಕಾಣುವಂತೆ ಇಡಿ. ಮೊದಲ ಪುಟದಲ್ಲೇ ಅಂಕದ ಚೌಕ ಅಚ್ಚಾಗಿದ್ದರೆ ಆ ಪುಟವನ್ನೇ ಒಳಮಡಚಿ, ಹಿಂಬದಿಗೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ.

ಕಟ್ಟನ್ನು ಹಿಂದಿನ ದಿನವೇ ಬೆಂಚಿನ ಸಾಲಿನಂತೆ ಜೋಡಿಸಿಕೊಳ್ಳಿ. ಹೆಚ್ಚು ಅಂಕದಿಂದ ಕಡಿಮೆ ಅಂಕಕ್ಕೆ ಜೋಡಿಸಿದರೆ ನೀವು ಒಂದು ಅಂಕವನ್ನೂ ಓದದಿದ್ದರೂ ಕೊನೆಗೆ ಉಳಿದ ಮಗುವಿನ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ. ಬೋರ್ಡ್ ಮೇಲೆ ಒಂದು ಲೆಕ್ಕ ಕೊಟ್ಟು, ಮಕ್ಕಳು ಅದನ್ನು ಮಾಡುತ್ತಿರುವಾಗ ನೀವೇ ಬೆಂಚಿನಿಂದ ಬೆಂಚಿಗೆ ಹೋಗಿ ಕೈಗೆ ಕೊಡಿ. ಒಂದು ಪೇಪರ್‌ಗೆ ಹತ್ತು ಸೆಕೆಂಡ್ ಎಂದರೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೂಡಿದ್ದು ಸರಿಯೇ ಎಂದು ಅವರವರ ಪೇಪರ್ ಅವರವರೇ ನೋಡಲಿ, ಅದಲುಬದಲು ಬೇಡ. ಸಾಮಾನ್ಯ ತಪ್ಪುಗಳನ್ನು ಬೋರ್ಡ್ ಮೇಲೆ ವಿವರಿಸುವಾಗ ಅಂಕಿ ಬದಲಿಸಿ ಬರೆಯಿರಿ. ಇದು ಯಾರದು ಎಂಬ ಪ್ರಶ್ನೆಯೇ ಏಳಬಾರದು. ಗೈರಾದವರ ಪೇಪರ್ ಬೀರುವಿನಲ್ಲಿ ಬೀಗದೊಳಗಿರಲಿ. ‘ನಮ್ಮೂರಿನವನೇ ಮೇಡಂ, ನಾನೇ ಕೊಡ್ತೀನಿ’ ಎಂದು ಬೇರೆ ಹುಡುಗ ಕೇಳಿದರೂ ಕೊಡಬೇಡಿ. ಆ ಮಾರ್ಕ್ಸ್ ಮಗುವಿಗಿಂತ ಮೊದಲು ಊರಿನ ಬಸ್ ಹತ್ತಿರುತ್ತದೆ.

ಪ್ರಶ್ನೆ: ಪೋಷಕರ ವಾಟ್ಸಾಪ್ ಗುಂಪಿಗೆ ಅಂಕಪಟ್ಟಿ ಹಾಕುವಾಗ ಹೆಸರು ತೆಗೆದು ರೋಲ್ ನಂಬರ್ ಮಾತ್ರ ಬಿಟ್ಟರೆ ಸಾಲದೆ?
– ತರಗತಿ ಶಿಕ್ಷಕರು, ಬಂಗಾರಪೇಟೆ

ಉತ್ತರ: ಸಾಲದು. ದಿನವೂ ಹಾಜರಿ ಕೂಗುವುದು ಅದೇ ನಂಬರಿನಲ್ಲಿ, 17 ಯಾರೆಂದು ತರಗತಿಗೆಲ್ಲ ಬಾಯಿಪಾಠ. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಅಡಗಿಸಿ ಕಳಿಸುವುದು ಇನ್ನೂ ಅಪಾಯ: ‘ಅನ್‌ಹೈಡ್’ ಒತ್ತಿದರೆ ಎಲ್ಲವೂ ವಾಪಸ್. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಯಾರ್‍ಯಾರಿಗೆ ಹೋಯಿತೆಂದು ಒಬ್ಬರಿಗೊಬ್ಬರಿಗೆ ತಿಳಿಯುವುದಿಲ್ಲ ನಿಜ, ಆದರೆ ಎಲ್ಲರಿಗೂ ಹೋಗುವುದು ಒಂದೇ ಸಂದೇಶ. ಹಾಗಾಗಿ ಮಾರ್ಕ್ಸ್ ತಿಳಿಸಲು ಅದು ಬರುವುದಿಲ್ಲ.

ಚೀಟಿಯೇ ವಾಸಿ. ಪ್ರತಿ ಮಗುವಿಗೆ ಮೂರು ಸೆಂಟಿಮೀಟರ್ ಎತ್ತರದ ಸಾಲು, ಅದರಲ್ಲೇ ವಿಷಯದ ಹೆಸರೂ ಅಂಕವೂ ಬರುವಂತೆ ಮಾಡಿದರೆ ಒಂದು ಎ4 ಹಾಳೆಗೆ ಒಂಬತ್ತು ಚೀಟಿ. 60 ಮಕ್ಕಳಿಗೆ ಏಳು ಹಾಳೆ ಸಾಕು. ಕತ್ತರಿಸಿ ಮಡಚಿ ಪೋಷಕರ ಸಭೆಯಲ್ಲಿ ಕೈಗೇ ಕೊಡಿ. ಬರಲಾಗದವರಿಗೆ ಮಾತ್ರ ಖಾಸಗಿ ಸಂದೇಶ ಕಳಿಸಿ, ಅದೂ ದಾಖಲಾತಿ ಪುಸ್ತಕದ ನಂಬರ್ ಈಗಲೂ ಅವರದೇ ಎಂದು ಖಚಿತಪಡಿಸಿಕೊಂಡ ಮೇಲೆ. ಎಷ್ಟೋ ಕಡೆ ಅಲ್ಲಿ ಪಕ್ಕದ ಮನೆಯವರ ನಂಬರ್ ಇರುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಅಂಕ ಕಡಿಮೆ ಕೊಟ್ಟಿದ್ದಾರೆಂಬ ಅನುಮಾನ. ಫಸ್ಟ್ ಬಂದ ಹುಡುಗಿಯ ಪೇಪರ್ ತೋರಿಸಿ ಎಂದು ಕೇಳಬಹುದೆ?
– ಪೋಷಕರು, ಮಾಲೂರು

ಉತ್ತರ: ಬೇಡ. ನಿಮ್ಮ ಮಗಳ ಪೇಪರನ್ನು ಧಾರಾಳವಾಗಿ ಕೇಳಿ. ಬೋರ್ಡ್ ಪರೀಕ್ಷೆಯಲ್ಲೂ ತಿದ್ದಿದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗೆ ಉಂಟೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಆ ಹಕ್ಕು ತನ್ನ ಪತ್ರಿಕೆಗೆ ಮಾತ್ರ. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪು ಆ ಹುಡುಗಿಗೂ ಅನ್ವಯಿಸುತ್ತದೆ. ನಿಮಗೆ ನಿಜವಾಗಿ ಬೇಕಿರುವುದು ಮಾದರಿ ಉತ್ತರ ಮತ್ತು ಪ್ರಶ್ನೆವಾರು ಅಂಕ ಹಂಚಿಕೆ. ಅವನ್ನು ಕೇಳಿ ಪಡೆದು, ಮಗಳ ಪೇಪರ್ ಪಕ್ಕದಲ್ಲಿಟ್ಟು ಹಂತಹಂತವಾಗಿ ತಾಳೆ ನೋಡಿ. ಅಂಕ ತಪ್ಪಿದ ಹಂತವನ್ನು ಗುರುತಿಸಿಕೊಂಡು ಹೋದರೆ ಮೇಷ್ಟ್ರೂ ಉತ್ತರ ಹೇಳಲೇಬೇಕಾಗುತ್ತದೆ.